ಸೈನಿಕರ ಮನೆ ಮಕ್ಕಳಿಗೆ ಟೆಲಿ ಮಾನಸ್: ಸೇವೆ ಹೇಗಿದೆ?

ಜಾಲಹಳ್ಳಿ, ಹಲಸೂರು ಕಡೆಯ ಸೈನಿಕ ಕುಟುಂಬಗಳಿಗೆ, ಫೋನಿನಲ್ಲೇ ಮಾನಸಿಕ ಆರೋಗ್ಯದ ಸಲಹೆ ಕೊಡುವ ಸರ್ಕಾರದ ಟೆಲಿ ಮಾನಸ್ ಸೇವೆಯನ್ನು ಧೈರ್ಯವಾಗಿ ಹೇಳಬಹುದು. 14416ಕ್ಕೆ ಕರೆ ಉಚಿತ, 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದಕ್ಕೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಸೇನೆಯವರಿಗೂ ಅವರ ಮನೆಯವರಿಗೂ 2023ರ ಡಿಸೆಂಬರ್‌ನಿಂದ ಪುಣೆಯಲ್ಲಿ ಪ್ರತ್ಯೇಕ ವಿಭಾಗವಿದೆ.

ಜನ ಎಡವುವುದು ಒಂದು ಕಡೆ: "ಮಗ ಓದ್ತಿಲ್ಲ, ಸಿಟ್ಟು ಜಾಸ್ತಿ" ಅಂತಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅಷ್ಟೇ ಕೇಳಿದರೆ ಹರೆಯದ ಮಾಮೂಲಿ ತಕರಾರು ಅನ್ನಿಸುತ್ತದೆ. ಅಪ್ಪನ ಪೋಸ್ಟಿಂಗ್‌ಗಳು, ಬದಲಾದ ಶಾಲೆಗಳು, ನಿದ್ದೆ ಕೆಟ್ಟಿದ್ದು ಯಾವಾಗಿನಿಂದ, ಎಲ್ಲವನ್ನೂ ತಿಂಗಳು ಸಮೇತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಪ್ಪ ಗಡಿಯಲ್ಲಿದ್ದಾಗ ಗ್ಯಾಸ್ ಬುಕ್ ಮಾಡಿ, ತಂಗಿಯನ್ನು ಶಾಲೆಗೆ ಬಿಟ್ಟು ಮನೆ ನೋಡಿಕೊಂಡ ಹುಡುಗ, ಅಪ್ಪ ಬಂದ ಮೇಲೆ ಮತ್ತೆ 'ಚಿಕ್ಕವನು' ಆಗಿಬಿಡುತ್ತಾನೆ. ಎಷ್ಟೋ ಮನೆಗಳಲ್ಲಿ ಜಗಳ ಅಲ್ಲಿಂದಲೇ ಶುರು. ಹಾಗಾಗಿ ಅಪ್ಪ ಬಂದ, ಹೋದ ದಿನಾಂಕಗಳನ್ನು ತಪ್ಪದೆ ಹೇಳಿ. ಮಕ್ಕಳು ಮಾತಾಡುವಾಗ ಕೋಣೆಯಲ್ಲಿ ಒಬ್ಬರೇ ಇರಲಿ. ಅಮ್ಮ ಪಕ್ಕದಲ್ಲಿದ್ದರೆ ಬಾಯಿ ಬಿಡುವುದು ಕಷ್ಟ.

ಫೋನಿನಲ್ಲಿ ಎಲ್ಲವೂ ಮುಗಿಯುವುದಿಲ್ಲ. ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೇರವಾಗಿ ಕಾಣಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ. ನಿಮ್ಹಾನ್ಸ್ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.