ಸ್ಥಿರ ವಿದ್ಯುತ್ ಕಿಟ್: ಎಲೆಕ್ಟ್ರೋಸ್ಕೋಪ್ ಚೆನ್ನಾಗಿದೆ, ಉಣ್ಣೆ ಬಟ್ಟೆ ಉಣ್ಣೆಯೇ ಅಲ್ಲ

ನಾನು ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟನೇ ತರಗತಿಯಲ್ಲಿ ಮಿಂಚು, ಸಿಡಿಲಿನ ಪಾಠ ಬಂದಾಗಲೆಲ್ಲ ಬಾಚಣಿಗೆ, ಕಾಗದದ ಚೂರು ಇಷ್ಟರಲ್ಲೇ ಮುಗಿಸುತ್ತಿದ್ದೆ. ಈ ಸಲ ಮಕ್ಕಳು ಸರಿಯಾದ ಸಾಮಾನು ಕೈಯಲ್ಲಿ ಹಿಡಿದು ನೋಡಲಿ ಅನ್ನಿಸಿತು. ಜುಲೈನಲ್ಲಿ ಕಲಬುರಗಿಗೆ ಹೋದಾಗ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ಸ್ಥಿರ ವಿದ್ಯುತ್ ಕಿಟ್ ತಗೊಂಡೆ. 780 ರೂಪಾಯಿ.

ಡಬ್ಬಿಯಲ್ಲಿ ಇದ್ದದ್ದು ಇಷ್ಟು: ಒಂದು ಎಬೊನೈಟ್ (ಗಟ್ಟಿ ಕರಿ ರಬ್ಬರ್) ಕಡ್ಡಿ, ಒಂದು ಗಾಜಿನ ಕಡ್ಡಿ, ರೇಷ್ಮೆ ಬಟ್ಟೆ, ಉಣ್ಣೆ ಬಟ್ಟೆ, ಒಂದು ಸ್ಟ್ಯಾಂಡು, ದಾರ ಕಟ್ಟಿದ ಎರಡು ಥರ್ಮಾಕೋಲ್ ಗುಂಡು, ವಿದ್ಯುತ್ ಆವೇಶ (ಚಾರ್ಜ್) ಇದೆಯೇ ಅಂತ ತೋರಿಸುವ ಒಂದು ಎಲೆಕ್ಟ್ರೋಸ್ಕೋಪ್, ಜೊತೆಗೆ ನಾಲ್ಕು ಪುಟದ ಕೈಪಿಡಿ.

ತಂದ ವಾರವೇ ಕ್ಲಾಸಿನಲ್ಲಿ ತೆಗೆದೆ. ಏನೂ ಆಗಲಿಲ್ಲ. ಎಬೊನೈಟ್ ಕಡ್ಡಿಯನ್ನು ಕೈ ನೋಯುವಷ್ಟು ಉಜ್ಜಿದರೂ ಕಾಗದದ ಚೂರು ಅಲ್ಲಾಡಲಿಲ್ಲ. ಹೊರಗೆ ಜಿಟಿಜಿಟಿ ಮಳೆ ಇತ್ತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಕಡ್ಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಆವೇಶ ಅದರ ಮೂಲಕ ಸೋರಿ ಹೋಗುತ್ತದೆ. ಗಾಜಿಗಂತೂ ತೇವ ಇನ್ನೂ ಬೇಗ ಹಿಡಿಯುತ್ತದೆ. ಹಾಗಾಗಿ ಕಿಟ್ ಕೆಟ್ಟದ್ದು ಅಂತ ಅವತ್ತೇ ತೀರ್ಮಾನಿಸುವುದು ಸರಿಯಲ್ಲ ಅಂತ ಎತ್ತಿಟ್ಟೆ.

ಡಿಸೆಂಬರಿನಲ್ಲಿ ಮತ್ತೆ ತೆಗೆದೆ. ನಮ್ಮ ಕಡೆ ಆಗ ಚಳಿಗೆ ತುಟಿ ಒಡೆಯುತ್ತದೆ, ಗಾಳಿ ಪೂರ್ತಿ ಒಣ. ಗಾಜಿನ ಕಡ್ಡಿ ಮತ್ತು ರೇಷ್ಮೆ ಚೆನ್ನಾಗಿ ಕೆಲಸ ಮಾಡಿದವು. ಎಬೊನೈಟ್ ಮಾತ್ರ ಇನ್ನೂ ಸಪ್ಪೆ. ಅನುಮಾನ ಬಂತು. ಉಣ್ಣೆ ಬಟ್ಟೆಯ ಒಂದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದೆ. ನಿಜವಾದ ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಿಗೆ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಮಣಿ ಆಯಿತು. ಪ್ಲಾಸ್ಟಿಕ್ ನೂಲು! ಡಬ್ಬಿಯ ಮೇಲೆ 'ಉಣ್ಣೆ' ಅಂತ ದಪ್ಪ ಅಕ್ಷರದಲ್ಲಿ ಬರೆದು ಒಳಗೆ ಇದನ್ನು ಹಾಕುವುದು ನನಗೆ ನಿಜವಾಗಿ ಬೇಜಾರು ತಂದಿತು. ಆವೇಶ ಎಷ್ಟು ಬರುತ್ತದೆ ಅನ್ನುವುದು ಯಾವ ವಸ್ತುವನ್ನು ಯಾವುದರಿಂದ ಉಜ್ಜುತ್ತೇವೆ ಅನ್ನುವುದರ ಮೇಲೇ ನಿಂತಿದೆ. ಬಟ್ಟೆ ತಪ್ಪಿದರೆ ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತದೆ.

ಮರುದಿನ ಒಬ್ಬ ಹುಡುಗ ತನ್ನ ಅಜ್ಜನ ಕಂಬಳಿ ತಂದ. ಕುರಿ ಉಣ್ಣೆಯ ಕರಿ ಕಂಬಳಿ, ಒರಟು. ಅದರ ಅಂಚಿನಲ್ಲಿ ಎಬೊನೈಟ್ ಕಡ್ಡಿಯನ್ನು ಹತ್ತು ಸಲ ಉಜ್ಜಿದೆವು ಅಷ್ಟೇ. ಕಡ್ಡಿ ಬೆರಳ ಹತ್ತಿರ ಬಂದರೆ ಚಟ್ ಅನ್ನುತ್ತಿತ್ತು. ಕಂಬಳಿಯ ಎಲೆಕ್ಟ್ರಾನುಗಳು, ಅಂದರೆ ಋಣ ಆವೇಶದ ಸಣ್ಣ ಕಣಗಳು, ಕಡ್ಡಿಗೆ ಬರುತ್ತವೆ, ಕಡ್ಡಿ ಋಣ ಆವೇಶದ್ದಾಗುತ್ತದೆ, ಕಂಬಳಿಗೆ ಅಷ್ಟೇ ಧನ ಆವೇಶ ಉಳಿಯುತ್ತದೆ. ಗಾಜು ಮತ್ತು ರೇಷ್ಮೆಯಲ್ಲಿ ಇದು ತಿರುಗಾಮುರುಗಾ. ಗಾಜು ಎಲೆಕ್ಟ್ರಾನ್ ಕೊಡುತ್ತದೆ.

ಇಲ್ಲಿ ಕೈಪಿಡಿಯ ಬಗ್ಗೆ ಹೇಳಲೇಬೇಕು. ಹಿಂದಿ, ಇಂಗ್ಲಿಷ್ ಮಾತ್ರ ಇದೆ, ಕನ್ನಡ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ, 'ಉಜ್ಜಿದಾಗ ಆವೇಶ ಹುಟ್ಟುತ್ತದೆ' ಅಂತ ಬರೆದಿದ್ದಾರೆ. ಹುಟ್ಟುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ಒಟ್ಟು ಮೊತ್ತ ಅಷ್ಟೇ ಇರುತ್ತದೆ. ಆ ಸಾಲನ್ನು ನಾನು ಪೆನ್ನಿನಿಂದ ಹೊಡೆದು ಹಾಕಿ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿಟ್ಟೆ. ಆವೇಶ ಎರಡು ಬಗೆಯದು ಅಂತ ಫ್ರಾನ್ಸಿನ ವಿಜ್ಞಾನಿ ದು ಫೇ 1733ರಲ್ಲೇ ಕಂಡುಕೊಂಡಿದ್ದ. ಧನ, ಋಣ ಅನ್ನುವ ಹೆಸರು ಆಮೇಲೆ ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟದ್ದು. ಎಲೆಕ್ಟ್ರಾನ್ ಗೊತ್ತಾದದ್ದು 1897ರಲ್ಲಿ. ಹೆಸರು ಮೊದಲು, ಕಾರಣ ಆಮೇಲೆ ಅಂತ ಹೇಳಿದಾಗ ಮಕ್ಕಳು ಕಣ್ಣರಳಿಸಿ ಕೇಳಿದರು.

ಥರ್ಮಾಕೋಲ್ ಗುಂಡುಗಳು ದೊಡ್ಡವು, ದಾರವೂ ದಪ್ಪ. ಒಮ್ಮೆ ಕಡ್ಡಿಗೆ ಅಂಟಿದರೆ ಬಿಡುತ್ತಲೇ ಇರಲಿಲ್ಲ. ನಾವು ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡು ತೆಗೆದೆವು. ನಮ್ಮ ಮಕ್ಕಳಿಗೆ ಇದು ಹೊಸದಲ್ಲ, ಅದರಲ್ಲೇ ಬಂಡಿ ಮಾಡಿ ಆಡುತ್ತಾರೆ. ಬ್ಲೇಡಿನಿಂದ ಕಡಲೆಕಾಳಿನಷ್ಟು ಕತ್ತರಿಸಿ, ದುಂಡಗೆ ಮಾಡಿ, ರೇಷ್ಮೆ ಸೀರೆಯ ಒಂದೇ ಎಳೆಯಲ್ಲಿ ಕಟ್ಟಿದೆವು. ಕಡ್ಡಿ ಹತ್ತಿರ ಬಂತು, ಬೆಂಡು ಓಡಿ ಬಂದು ಮುಟ್ಟಿತು, ಮುಟ್ಟಿದ ಕೂಡಲೇ ಹಾರಿ ದೂರ ಹೋಯಿತು. ಆಮೇಲೆ ಕಡ್ಡಿ ಹಿಡಿದು ಎಷ್ಟು ಬೆನ್ನು ಹತ್ತಿದರೂ ಸಿಗಲಿಲ್ಲ. ಮುಟ್ಟಿದಾಗ ಅದಕ್ಕೂ ಅದೇ ಆವೇಶ ಬಂತು, ಒಂದೇ ಜಾತಿಯವು ದೂಡುತ್ತವೆ. ಆವೇಶ ಇಲ್ಲದ ಕಾಗದವೂ ಕಡ್ಡಿಯ ಕಡೆ ಬರುತ್ತದೆ, ಆದ್ದರಿಂದ ಎಳೆದರೆ ಆವೇಶ ಇದೆ ಅನ್ನಲು ಆಗದು. ದೂಡಿದರೆ ಮಾತ್ರ ಖಾತ್ರಿ.

ಇಷ್ಟು ದೂರು ಹೇಳಿದ ಮೇಲೂ ಈ ಕಿಟ್ ತಗೊಂಡದ್ದಕ್ಕೆ ನನಗೆ ಸಂತೋಷ ಇದೆ. ಅದು ಎಲೆಕ್ಟ್ರೋಸ್ಕೋಪಿನಿಂದ. ಗಾಜಿನ ಶೀಷೆ, ಮೇಲೆ ಹಿತ್ತಾಳೆಯ ಬಿಲ್ಲೆ, ಅದರಿಂದ ಇಳಿದ ಕಡ್ಡಿ, ತುದಿಯಲ್ಲಿ ಎರಡು ತೆಳು ಅಲ್ಯೂಮಿನಿಯಂ ಎಲೆ. ಬಿಲ್ಲೆ ನುಣ್ಣಗಿದೆ, ಬಿರಡೆ ಬಿಗಿಯಾಗಿದೆ. ಕಂಬಳಿಯಲ್ಲಿ ಉಜ್ಜಿದ ಕಡ್ಡಿಯನ್ನು ಒಂದು ಗೇಣು ದೂರಕ್ಕೆ ತಂದರೆ ಸಾಕು, ಎಲೆಗಳು ಬಿಚ್ಚಿಕೊಳ್ಳುತ್ತವೆ. "ಮೇಡಂ, ಮುಟ್ಟೇ ಇಲ್ರೀ, ಆದ್ರೂ ಅರಳ್ಯಾವ!" ಅಂದಳು ಮುಂದಿನ ಬೆಂಚಿನ ಹುಡುಗಿ. ಕಡ್ಡಿ ದೂರ ಮಾಡಿದರೆ ಮುಚ್ಚಿಕೊಳ್ಳುತ್ತವೆ.

ಆಮೇಲೆ ಅವಳ ಕೈಯಲ್ಲೇ ಮಾಡಿಸಿದೆ. ಕಡ್ಡಿ ಹತ್ತಿರ ಇರುವಾಗಲೇ ಬಿಲ್ಲೆಯನ್ನು ಬೆರಳಿನಿಂದ ಮುಟ್ಟು. ಎಲೆ ಮುಚ್ಚಿದವು. ಮೊದಲು ಬೆರಳು ತೆಗೆ, ಆಮೇಲೆ ಕಡ್ಡಿ. ಎಲೆಗಳು ಮತ್ತೆ ಅರಳಿ ಹಾಗೇ ನಿಂತವು. ಕಡ್ಡಿಯ ಋಣ ಆವೇಶಕ್ಕೆ ಹೆದರಿದಂತೆ ಎಲೆಕ್ಟ್ರಾನುಗಳು ಅವಳ ಬೆರಳಿನ ದಾರಿ ಹಿಡಿದು ಹೋಗಿಬಿಟ್ಟಿದ್ದವು. ಉಳಿದದ್ದು ಧನ ಆವೇಶ. ಹೀಗೆ ಆವೇಶದ ವಸ್ತು ಮುಟ್ಟದೆಯೇ ಇನ್ನೊಂದರಲ್ಲಿ ಆವೇಶ ತರುವುದಕ್ಕೆ ಹೇಳುವ 'ಪ್ರೇರಣೆ' ಅನ್ನುವ ಪದವನ್ನು ಇಷ್ಟು ವರ್ಷ ಬೋರ್ಡಿನ ಮೇಲೆ ಸುಮ್ನೆ ಬರೆಯುತ್ತಿದ್ದೆ. ಅವತ್ತು ಬರೆಯುವ ಮೊದಲೇ ಅವರಿಗೆ ಅರ್ಥವಾಗಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಮ್ಯಾಲ ಮೋಡ ಬಂದಾಗ ನೆಲಕ್ಕೂ ಹಿಂಗ ಆಗ್ತದೇನ್ರೀ?" ಹೌದು, ಹಾಗೇ. ಮೋಡದ ಕೆಳಭಾಗದಲ್ಲಿ ಹೆಚ್ಚಾಗಿ ಋಣ ಆವೇಶ ಸೇರುತ್ತದೆ, ಕೆಳಗಿನ ನೆಲದಲ್ಲಿ, ಒಂಟಿ ಮರದಲ್ಲಿ ಧನ ಆವೇಶ ಕೂಡುತ್ತದೆ. ಅವನು ರಜೆಯಲ್ಲಿ ಕುರಿ ಕಾಯುವ ಹುಡುಗ. ಸಿಡಿಲು ಬಂದಾಗ ಹೊಲದ ಬೇವಿನ ಮರದ ಕೆಳಗೆ ನಿಲ್ಲಬಾರದು ಅನ್ನುವುದನ್ನು ಆ ಪಿರಿಯಡ್ ಮುಗಿಯುವವರೆಗೂ ಮಾತಾಡಿದೆವು.

ಭಯ ಇರುವ ಪಾಲಕರಿಗೆ ಒಂದು ಮಾತು. ಒಣ ಗಾಳಿಯಲ್ಲಿ ಒಂದು ಸೆಂಟಿಮೀಟರ್ ಕಿಡಿ ಹಾರಲು ಸುಮಾರು 30,000 ವೋಲ್ಟ್ ಬೇಕು. ಕೇಳಲು ದೊಡ್ಡದು. ಆದರೆ ಕಡ್ಡಿಯಲ್ಲಿ ಇರುವ ಆವೇಶ ತೀರಾ ಕಡಿಮೆ, ಅದಕ್ಕೇ ಬೆರಳಿಗೆ ಚುರುಕ್ ಅಂತಷ್ಟೇ ಆಗುತ್ತದೆ. ಗಾಜಿನ ಕಡ್ಡಿ ಒಡೆಯದಂತೆ ನೋಡಿಕೊಂಡರೆ ಸಾಕು.

ಬಟ್ಟೆಯ ವಿಷಯ ಹೇಳಿದಾಗ ಅಂಗಡಿಯವರು ತಕರಾರು ಮಾಡಲಿಲ್ಲ. "ನಮಗೂ ಗೊತ್ತಿರಲಿಲ್ಲ ಮೇಡಂ" ಅಂದು 80 ರೂಪಾಯಿ ವಾಪಸ್ ಕೊಟ್ಟರು. ಎಲೆಕ್ಟ್ರೋಸ್ಕೋಪ್ ಬಿಡಿಯಾಗಿಯೂ ಸಿಗುತ್ತದೆ ಅಂತ ಆಗ ಗೊತ್ತಾಯಿತು, 350 ರೂಪಾಯಿ. ನೀವು ಹೋದರೆ ಅದನ್ನು ಮತ್ತು ಎರಡು ಕಡ್ಡಿಗಳನ್ನು ಮಾತ್ರ ಕೇಳಿ. ಮಳೆಗಾಲ ಮುಗಿದ ಮೇಲೆ ಹೋಗಿ, ಅಂಗಡಿಯಲ್ಲೇ ಉಜ್ಜಿ ನೋಡಿ ತಗೊಳ್ಳಿ. ಕಂಬಳಿಯ ಒಂದು ತುಂಡು ಚೀಲದಲ್ಲಿ ಇರಲಿ.