ಹಣ್ಣು, ಪಾರ್ಚ್‌ಮೆಂಟ್, ಚೆರ್ರಿ: ಐದು ಎಕರೆ ರೊಬಸ್ಟಾ ಕಾಫಿಯಲ್ಲಿ ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಒಣ ಚೆರ್ರಿಯ ಕಡೆಯವನು, ಅಂದರೆ ಕಾಫಿ ಹಣ್ಣನ್ನು ಸಿಪ್ಪೆಯ ಸಮೇತ ಒಣಗಿಸಿ ಮಾರುವವನು. ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಐದು ಎಕರೆ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಒಂದಿಷ್ಟು ಕಾಳುಮೆಣಸು. ಒಂದು ವರ್ಷ ಹಣ್ಣನ್ನು ಕೊಯ್ದ ಸಂಜೆಯೇ ಗೇಟಿನಲ್ಲಿ ತೂಗಿ ಕೊಟ್ಟೆ. ಇನ್ನೊಂದು ವರ್ಷ ಹಸಿ ಹಣ್ಣಿನ ಸಿಪ್ಪೆ ಸುಲಿಯುವ ಸೆಕೆಂಡ್‌ಹ್ಯಾಂಡ್ ಪಲ್ಪರ್ ಯಂತ್ರ ತಂದು ಒಂದು ಎಕರೆಯ ಫಸಲನ್ನು ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು, ತೊಳೆದು, ಒಣಗಿಸಿದ ಕಾಫಿ) ಮಾಡಿದೆ. ಉಳಿದ ವರ್ಷಗಳೆಲ್ಲ ಕಣದಲ್ಲಿ ಒಣಗಿಸಿ ಚೆರ್ರಿಯಾಗಿಯೇ ಮಾರಿದ್ದೇನೆ. ಪಲ್ಪರ್ ಈಗ ಶೆಡ್ಡಿನ ಮೂಲೆ ಸೇರಿದೆ. ಅದನ್ನು ಕೊಳ್ಳುವ ಮೊದಲು ಯಾರಾದರೂ ಈ ಲೆಕ್ಕವನ್ನು ನನ್ನ ಮುಂದೆ ಬಿಡಿಸಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಪಲ್ಪರ್ ಆಸೆ ಹುಟ್ಟುವುದು ರೇಟಿನ ಪಟ್ಟಿಯಿಂದ. ದಿನಾ ವಾಟ್ಸಾಪ್‌ನಲ್ಲಿ ಬರುವ ರೇಟು 50 ಕೆ.ಜಿ. ಚೀಲದ್ದು. ಲೆಕ್ಕ ಸುಲಭವಾಗಲೆಂದು ರೊಬಸ್ಟಾ ಚೆರ್ರಿ 10,400 ರೂಪಾಯಿ, ರೊಬಸ್ಟಾ ಪಾರ್ಚ್‌ಮೆಂಟ್ 17,000 ರೂಪಾಯಿ ಎಂದಿಟ್ಟುಕೊಳ್ಳಿ. ನೋಡಿದ ತಕ್ಷಣ ಚೀಲಕ್ಕೆ ಆರೂವರೆ ಸಾವಿರ ಬಿಟ್ಟುಕೊಡುತ್ತಿದ್ದೇವಲ್ಲ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಕೊಳ್ಳುವವರಿಗೆ ಬೇಕಾದದ್ದು ಒಳಗಿನ ಬೇಳೆ, ಅಂದರೆ ಕಾಫಿ ಬೀಜ. ಚೆರ್ರಿ ಚೀಲದಲ್ಲಿ ಒಣಸಿಪ್ಪೆಯ ಪಾಲು ಹೆಚ್ಚು, ಬೇಳೆ 26 ಕೆ.ಜಿ.ಯ ಆಸುಪಾಸು. ಪಾರ್ಚ್‌ಮೆಂಟಿನಲ್ಲಿ ತೆಳುವಾದ ಹೊಟ್ಟು ಮಾತ್ರ, ಬೇಳೆ 41 ಕೆ.ಜಿ.ವರೆಗೂ ಸಿಗುತ್ತದೆ. ಭಾಗಿಸಿ ನೋಡಿದರೆ ಚೆರ್ರಿಯಲ್ಲಿ ಬೇಳೆಗೆ ಕಿಲೋಗೆ 400 ರೂಪಾಯಿ, ಪಾರ್ಚ್‌ಮೆಂಟಿನಲ್ಲಿ ಸುಮಾರು 415. ನಿಜವಾದ ಅಂತರ 15 ರೂಪಾಯಿ. ಒಂದು ಎಕರೆಗೆ ನನಗೆ 300 ಕಿಲೋ ಚಿಲ್ಲರೆ ಬೇಳೆ ಬರುತ್ತದೆ. ಅಷ್ಟಕ್ಕೆ ಹೆಚ್ಚು ಸಿಗುವುದು ಐದು ಸಾವಿರದೊಳಗೆ.

ಆ ಐದು ಸಾವಿರ ಎಲ್ಲಿಗೆ ಹೋಯಿತು ಅಂದರೆ, ಕೊಯ್ಲಿಗೆ. ಪಲ್ಪರ್‌ಗೆ ಹಾಕಲು ಪೂರ್ತಿ ಕೆಂಪಗಾದ ಹಣ್ಣೇ ಬೇಕು. ಹಸಿರುಕಾಯಿ ಸೇರಿದರೆ ಬೇಳೆ ಕಚ್ಚಿಹೋಗುತ್ತದೆ. ರೊಬಸ್ಟಾವನ್ನು ನಾವು ಸಾಮಾನ್ಯವಾಗಿ ಒಂದೇ ಸುತ್ತಿಗೆ ಬಾಚಿ ಕೊಯ್ಯುವವರು. ಆರಿಸಿ ಕೊಯ್ಯಲು ಎರಡು, ಮೂರು ಸುತ್ತು ಬೇಕು, ಆಳುಗಳು ಸಿಗುವುದೇ ಒಂದು ಸುತ್ತಿಗೆ. ಕಿಲೋ ಲೆಕ್ಕದ ಕೂಲಿಯಲ್ಲಿ ದುಡಿಯುವವರಿಗೆ ಆರಿಸಿ ಕೊಯ್ಯಿ ಅಂದರೆ ಅವರ ದಿನದ ಸಂಪಾದನೆಯೇ ಇಳಿಯುತ್ತದೆ. ಆದ್ದರಿಂದ ಕಿಲೋಗೆ ಹೆಚ್ಚು ಕೊಡಲೇಬೇಕು. ಕೊಟ್ಟೆ.

ಅದಕ್ಕಿಂತ ನನ್ನನ್ನು ಹೆದರಿಸಿದ್ದು ನೀರು. ರೊಬಸ್ಟಾ ಹಣ್ಣಿನ ಲೋಳೆ ಇನ್ನೊಂದು ಬಗೆಯ ಕಾಫಿಯಾದ ಅರೇಬಿಕಾದ್ದಕ್ಕಿಂತ ಅಂಟು, ಸುಲಭಕ್ಕೆ ಬಿಡುವುದಿಲ್ಲ. ತೊಳೆದಷ್ಟೂ ನೀರು. ನಮ್ಮ ಕೊಯ್ಲು ಮುಗಿಯುತ್ತಿದ್ದಂತೆ ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬರಬೇಕು. ಬಾರದಿದ್ದರೆ ಕೆರೆಯ ನೀರನ್ನೇ ಸ್ಪ್ರಿಂಕ್ಲರ್‌ನಲ್ಲಿ ಕೊಟ್ಟು ಹೂ ಅರಳಿಸಬೇಕು. ಆ ನೀರು ತಪ್ಪಿದರೆ ಹೋಗುವುದು ಈ ವರ್ಷದ ಐದು ಸಾವಿರವಲ್ಲ, ಮುಂದಿನ ವರ್ಷದ ಫಸಲು. ಜನವರಿಯಲ್ಲಿ ಪಲ್ಪರ್ ಓಡುತ್ತಿದ್ದಾಗ ಕೆರೆಯ ಮೆಟ್ಟಿಲು ಒಂದೊಂದಾಗಿ ಮೇಲೆ ಕಾಣಿಸಿಕೊಳ್ಳುವುದನ್ನು ನೋಡಿ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ತೊಳೆದ ನೀರನ್ನು ಹಳ್ಳಕ್ಕೆ ಬಿಡುವಂತೆಯೂ ಇಲ್ಲ, ಬಿಡಲೂ ಬಾರದು. ಕೆಳಗಿನ ಊರಿನವರು ಅದೇ ಹಳ್ಳವನ್ನು ನಂಬಿದ್ದಾರೆ. ಗುಂಡಿ ತೋಡಿಸಿದೆ, ಅದೊಂದು ಖರ್ಚು.

ಹಣ್ಣು ಮಾರಾಟದ ಬಗ್ಗೆ ಕೆಟ್ಟದಾಗಿ ಮಾತಾಡಲು ನನಗೆ ಮನಸ್ಸಿಲ್ಲ, ಅದು ಎಷ್ಟೋ ಮನೆಗಳನ್ನು ಉಳಿಸಿದೆ. ಜನವರಿಯಲ್ಲಿ ಪ್ರತಿ ವಾರದ ಬಟವಾಡೆಗೆ ದುಡ್ಡು ಬೇಕು. ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಬಂದವರಿಗೆ ಶನಿವಾರ ಕೂಲಿ ಕೊಡದೆ ಸೋಮವಾರ ಕೆಲಸಕ್ಕೆ ಕರೆಯಲಾಗುವುದಿಲ್ಲ. ಕಾಫಿ ತೋಟದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿಯೇ, ಅದರ ದೊಡ್ಡ ಪಾಲು ಕೊಯ್ಲಿನ ಎರಡು ತಿಂಗಳಲ್ಲೇ ಬೀಳುತ್ತದೆ. ಹಣ್ಣು ಕೊಟ್ಟರೆ ಸಂಜೆಗೆ ನಗದು. ಕಣ ಬೇಡ, ಕಾವಲು ಬೇಡ, ಮಳೆಯ ಭಯ ಇಲ್ಲ. 2021ರ ಜನವರಿಯಲ್ಲಿ ಅಕಾಲಿಕ ಮಳೆ ಸುರಿದು ಕಣದಲ್ಲಿದ್ದ ಕಾಫಿ ಬೂಸ್ಟು ಹಿಡಿದಾಗ, ಹಣ್ಣು ಮಾರಿಕೊಂಡವರೇ ನೆಮ್ಮದಿಯಾಗಿದ್ದರು.

ಆದರೆ ಆ ನೆಮ್ಮದಿಗೆ ಬೆಲೆ ಇದೆ. ನಮ್ಮ ತೋಟದಲ್ಲಿ ಒಂದು ಚೀಲ ಚೆರ್ರಿಗೆ ಸುಮಾರು 115 ಕಿಲೋ ಹಣ್ಣು ಬೇಕು. ಕಿಲೋಗೆ 75 ರೂಪಾಯಿಯಂತೆ ಕೊಟ್ಟರೆ 8,625. ಅದೇ ಒಣಗಿಸಿದರೆ 10,400. ಹರಡುವ, ಕೈಯಾಡಿಸುವ ಆಳು, ಟಾರ್ಪಾಲು, ಗೋಣಿ ಎಲ್ಲ ಸೇರಿ ಚೀಲಕ್ಕೆ 475 ಹಿಡಿದರೂ 1,300 ಉಳಿಯುತ್ತದೆ. 60 ಚೀಲಕ್ಕೆ 78,000. ನಮ್ಮಂಥವರಿಗೆ ಅದು ಒಂದು ವರ್ಷದ ಗೊಬ್ಬರದ ಹೊರೆ ಇಳಿಸುವ ದುಡ್ಡು.

ಇನ್ನೊಂದು ವಿಷಯ ಆ ವರ್ಷ ಗೊತ್ತಾಯಿತು. ಹಣ್ಣು ತೂಗುವುದು ನೀರಿನ ಸಮೇತ. ಗಿಡದಲ್ಲೇ ಸ್ವಲ್ಪ ಬಾಡಿದರೂ ತೂಕ ಇಳಿಯುತ್ತದೆ, ಬೇಳೆ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಹಣ್ಣು ಮಾರುವವನು ಅವಸರಕ್ಕೆ ಬೀಳುತ್ತಾನೆ, ಅರೆಬಲಿತ ಕಾಯಿಯನ್ನೂ ಬಾಚುತ್ತಾನೆ. ನಾನೂ ಬಾಚಿದೆ.

ಈಗ ಚೆರ್ರಿಯ ಮಾತು. ಇದರಲ್ಲಿ ಇರುವುದು ಒಂದೇ ತೊಡಕು, ಆದರೆ ಅದು ನನ್ನನ್ನು ಎರಡು ವರ್ಷ ಕಾಡಿತು: ಓಟಿ. ಔಟ್‌ಟರ್ನ್ ಅಂದರೆ 50 ಕಿಲೋ ಚೆರ್ರಿಗೆ ಎಷ್ಟು ಕಿಲೋ ಬೇಳೆ ಸಿಗುತ್ತದೆ ಅನ್ನುವ ಸಂಖ್ಯೆ. ವ್ಯಾಪಾರಿ ರೇಟು ಹೇಳುವುದೇ ಓಟಿ ಪಾಯಿಂಟಿಗೆ ಇಷ್ಟು ಅಂತ. ಪಾಯಿಂಟಿಗೆ 400 ಅಂದರೆ, 26 ಬಂದರೆ 10,400. ಪಾರ್ಚ್‌ಮೆಂಟಿನಲ್ಲಿ ಈ ಸಂಖ್ಯೆ ಅಷ್ಟಾಗಿ ಅಲುಗಾಡುವುದಿಲ್ಲ. ಚೆರ್ರಿಯಲ್ಲಿ ಒಂದೇ ತೋಟದ್ದು 24ರಿಂದ 28ರವರೆಗೂ ಓಡಾಡುತ್ತದೆ. ಬೆಳಿಗ್ಗೆಯಿಂದ ನಾಲ್ಕು ಕಡೆ ಫೋನು ಮಾಡಿ ಪಾಯಿಂಟಿಗೆ ಐದು ರೂಪಾಯಿ ಜಾಸ್ತಿ ಗಿಟ್ಟಿಸಿಕೊಂಡವನು, ಸಂಜೆ ಓಟಿಯಲ್ಲಿ ಒಂದೂವರೆ ಪಾಯಿಂಟು ಕಳೆದುಕೊಂಡರೆ ಚೀಲಕ್ಕೆ 600 ಹೋಯಿತು.

ನನಗೆ ಆದದ್ದು ಅದೇ. ಲಾರಿ ಬಂತು, ವ್ಯಾಪಾರಿಯ ಹುಡುಗ ಬಾಗಿಲ ಬಳಿಯ ಮೂರು ಚೀಲಕ್ಕೆ ಬಂಬು (ಮೊನಚಾದ ಕೊಳವೆ) ಚುಚ್ಚಿ ಸ್ಯಾಂಪಲ್ ತೆಗೆದ. ಆ ಮೂರೂ ಕೊನೆಯಲ್ಲಿ ಕಟ್ಟಿದ ಚೀಲಗಳು. ಗಿಡದಡಿ ಗುಡಿಸಿದ ಉದುರುಕಾಯಿ, ಜೊಳ್ಳು, ಕಾಯಿಕೊರಕ ತಿಂದದ್ದು ಎಲ್ಲ ಅದರಲ್ಲೇ ಇತ್ತು. ಅವರ ಅಂಗಡಿಯಲ್ಲಿ ಸಿಪ್ಪೆ ಬಿಡಿಸಿ ಬೇಳೆ ತೂಗಿ 25 ಅಂದರು. ಹಿಂದಿನ ಸಾಲಿನ ಚೀಲಗಳು ಮೊದಲ ಕೊಯ್ಲಿನವು, 26.5ಕ್ಕೆ ಕಡಿಮೆ ಇರಲಿಲ್ಲ ಎಂದು ನನಗೆ ಖಾತ್ರಿ. ಆದರೆ ಖಾತ್ರಿಗೆ ನನ್ನ ಕೈಯಲ್ಲಿ ಒಂದು ಸಂಖ್ಯೆಯೂ ಇರಲಿಲ್ಲ. ಲಾರಿಗೆ ಲೋಡಾಗಿತ್ತು, ಇಳಿಸಿಕೊಳ್ಳಲು ಮತ್ತೆ ಹಮಾಲಿ. 60 ಚೀಲಕ್ಕೆ 36,000 ರೂಪಾಯಿ ಒಂದು ಸಂಜೆಯಲ್ಲಿ ಹೋಯಿತು. ಮನೆಯಲ್ಲಿ ಅಪ್ಪನಿಗೆ ಹೇಳಲು ಮೂರು ದಿನ ಬೇಕಾಯಿತು. ಪಲ್ಪರ್ ಕೊಂಡದ್ದು ಈ ಸಿಟ್ಟಿನಲ್ಲೇ.

ಪರಿಹಾರ ಪಲ್ಪರ್‌ನಲ್ಲಿ ಇರಲಿಲ್ಲ, ಅಡುಗೆಮನೆಯಲ್ಲಿತ್ತು. 100 ಗ್ರಾಂ ಚೆರ್ರಿ ತೂಗಿ ಒರಳಿಗೆ ಹಾಕಿ, ಬೇಳೆ ಒಡೆಯದ ಹಾಗೆ ಹಗುರಕ್ಕೆ ಕುಟ್ಟಿ, ಮೊರದಲ್ಲಿ ಕೇರಿ, ಬೇಳೆಯನ್ನು ಮತ್ತೆ ತೂಗಿ. 52 ಗ್ರಾಂ ಬಂದರೆ ಓಟಿ 26. ಅಷ್ಟೇ. ಗ್ರಾಂ ತೋರಿಸುವ ತಕ್ಕಡಿ ಸಾಕು. ಮುಖ್ಯವಾದದ್ದು ಸ್ಯಾಂಪಲ್: ಪ್ರತಿ ಚೀಲದ ನಡುವಿನಿಂದ ಒಂದು ಹಿಡಿ ತೆಗೆದು, ಎಲ್ಲವನ್ನೂ ಒಂದೇ ರಾಶಿ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದದ್ದನ್ನು ಮತ್ತೆ ಬೆರೆಸಿ, ಹೀಗೆ ಎರಡು ಮೂರು ಸಲ ಮಾಡಿದ ಮೇಲೆ 100 ಗ್ರಾಂ. ನಾನು ಐದು ಸಲ ಕುಟ್ಟಿ ಸರಾಸರಿ ಬರೆದಿಟ್ಟುಕೊಳ್ಳುತ್ತೇನೆ.

ತಪ್ಪು ನನ್ನ ಕಡೆಯೂ ಇತ್ತು. ಉದುರುಕಾಯಿಯನ್ನು ಒಳ್ಳೆಯ ಲಾಟಿನ ಜೊತೆ ನಿಲ್ಲಿಸಬಾರದಿತ್ತು. ಈಗ ಅದು ಬೇರೆ, ಅದರ ರೇಟೂ ಬೇರೆ. ಚೀಲದ ಬಾಯಿಗೆ ಕೊಯ್ದ ವಾರ ಬರೆದ ಚೀಟಿ ಕಟ್ಟುತ್ತೇನೆ.

ತೇವಾಂಶದ ಮೀಟರನ್ನು ಅಕ್ಕಪಕ್ಕದ ಮೂವರು ಸೇರಿ ಕೊಂಡೆವು. ಹಿಂದೆ ಹಿಡಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಗಲಗಲ ಅಂದರೆ ಒಣಗಿತು ಅನ್ನುತ್ತಿದ್ದೆವು. ಆ ಕಿವಿ ಹಸಿ ಇದ್ದದ್ದನ್ನು ಹಿಡಿಯುತ್ತದೆ, ಅತಿಯಾಗಿ ಒಣಗಿದ್ದನ್ನು ಹಿಡಿಯುವುದಿಲ್ಲ. 11 ಪರ್ಸೆಂಟಿಗೆ ಎತ್ತಬೇಕಾದದ್ದನ್ನು ಭಯಕ್ಕೆ 9ಕ್ಕೆ ಇಳಿಸಿದರೆ ಮೂರು ಟನ್ನಿನಲ್ಲಿ 66 ಕಿಲೋ ಬಿಸಿಲಿಗೆ ಹೋಗುತ್ತದೆ. ಒಂದು ಚೀಲಕ್ಕಿಂತ ಹೆಚ್ಚು!

ಕಾಯುವ ಸ್ವಾತಂತ್ರ್ಯ ಚೆರ್ರಿ ಕೊಡುವ ಇನ್ನೊಂದು ದೊಡ್ಡ ಲಾಭ. ಅಪ್ಪನ ಕಾಲದಲ್ಲಿ ಅದು ಇರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದದ್ದೆಲ್ಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರುವ ದಾಸ್ತಾನಿಗೆ, ಹೋಗಬೇಕಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. 90ರ ದಶಕದಲ್ಲಿ ಹಂತ ಹಂತವಾಗಿ ಸಡಿಲಿಸಿ, 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟ ಬಂತು. ಜೊತೆಗೆ ಬೆಲೆಯ ಏರಿಳಿತವೂ ನೇರವಾಗಿ ನಮ್ಮ ತಲೆಯ ಮೇಲೆ ಬಂತು. 2001-02ರ ಕುಸಿತದಲ್ಲಿ ಕೊಯ್ಲಿನ ಖರ್ಚೂ ಹುಟ್ಟದೆ ತೋಟ ಬಿಟ್ಟವರನ್ನು ಅಪ್ಪ ಈಗಲೂ ಹೆಸರು ಹಿಡಿದು ಹೇಳುತ್ತಾರೆ. 2025ರ ಫೆಬ್ರುವರಿಯಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,500 ಡಾಲರ್ ದಾಟಿತ್ತು, ಜುಲೈ ಹೊತ್ತಿಗೆ 3,500ಕ್ಕಿಂತ ಕೆಳಗೆ ಬಂತು. ಬ್ರೆಜಿಲ್‌ನಲ್ಲೋ ವಿಯೆಟ್ನಾಂನಲ್ಲೋ ಮಳೆ ಹೇಗೆ ಬಿತ್ತು ಅನ್ನುವುದರ ಮೇಲೆ ನಮ್ಮ ಶೆಡ್ಡಿನ ಚೀಲದ ಬೆಲೆ ನಿಂತಿರುವಾಗ, ಊಹಿಸಿ ಗೆಲ್ಲುತ್ತೇನೆ ಅನ್ನುವ ಧೈರ್ಯ ನನಗಿಲ್ಲ.

ಅದಕ್ಕೇ ಮೂರು ಪಾಲು. ಒಂದು ಪಾಲನ್ನು ಒಣಗಿದ ಕೂಡಲೇ ಮಾರಿ ಬಟವಾಡೆಯ ಕೈಸಾಲ ತೀರಿಸುತ್ತೇನೆ. ಒಂದು ಏಪ್ರಿಲ್‌ನಲ್ಲಿ. ಕೊನೆಯದು ಮೇ ತಿಂಗಳಲ್ಲಿ, ಮುಂಗಾರು ಹತ್ತುವ ಮೊದಲು. ನಮ್ಮ ಮಲೆನಾಡಿನ ಜೂನ್‌ನಲ್ಲಿ ಮಣ್ಣಿನ ಗೋಡೆಯ ಶೆಡ್ಡಿನೊಳಗೆ ಚೆರ್ರಿ ಇಟ್ಟರೆ ತೇವ ಎಳೆದುಕೊಳ್ಳುತ್ತದೆ, ಕಾಯಿಕೊರಕವೂ ಮತ್ತೆ ಚಿಗುರುತ್ತದೆ. ಉಗ್ರಾಣದಲ್ಲಿಟ್ಟು ರಸೀತಿಯ ಮೇಲೆ ಸಾಲ ಎತ್ತುವ ದಾರಿಯೂ ಇದೆ. 60 ಚೀಲಕ್ಕೆ ಅಷ್ಟು ಓಡಾಟ ನನಗೆ ಹಿಡಿಸಲಿಲ್ಲ.

ಹಾಗಂತ ಎಲ್ಲರೂ ಚೆರ್ರಿಯೇ ಮಾಡಿ ಅನ್ನುವುದಿಲ್ಲ. ಕಣ ಇಲ್ಲದವರು, ಊರಲ್ಲಿ ಇಲ್ಲದೆ ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂದು ಹೋಗುವವರು ಹಣ್ಣು ಕೊಡುವುದೇ ಕ್ಷೇಮ. ಚೆರ್ರಿ ಒಣಗಲು ಎರಡು ಮೂರು ವಾರ ಬೇಕು, ಅಷ್ಟೂ ದಿನ ಸಂಜೆ ರಾಶಿ ಮಾಡಿ ಮುಚ್ಚಲು ಮನೆಯವರು ಯಾರಾದರೂ ಇರಬೇಕು. ಅರೇಬಿಕಾ ಇದ್ದವರ ಲೆಕ್ಕವೇ ಬೇರೆ, ಅಲ್ಲಿ ಪಾರ್ಚ್‌ಮೆಂಟಿಗೆ ಸಿಗುವ ಮರ್ಯಾದೆ ನಿಜವಾದದ್ದು. ಇಡೀ ವರ್ಷ ಬತ್ತದ ನೀರು, ಪ್ರತಿ ವರ್ಷ ಮರಳಿ ಬರುವ ಕೊಯ್ಲಿನ ತಂಡ ಇದ್ದರೆ ರೊಬಸ್ಟಾ ಪಾರ್ಚ್‌ಮೆಂಟ್ ಕೂಡ ಮಾಡಿ. ನನ್ನ ಹತ್ತಿರ ಇರುವುದು ಒಂದು ಕೆರೆ, ಸಿಮೆಂಟಿನ ಕಣ, ಮತ್ತು ಬೆಳಿಗ್ಗೆ ಎದ್ದ ಕೂಡಲೇ ಕಾಯಿಗೆ ಕೈಯಾಡಿಸದಿದ್ದರೆ ಸಮಾಧಾನ ಆಗದ ಅಪ್ಪ.

ಈ ವರ್ಷ ಮೊದಲ ಪಾಲು ಮಾರುವಾಗ ವ್ಯಾಪಾರಿಯನ್ನು ಮನೆಯ ಜಗಲಿಯಲ್ಲೇ ಕೂರಿಸಿದೆ. ಇಪ್ಪತ್ತು ಚೀಲದಿಂದಲೂ ಅವರ ಕಣ್ಣೆದುರಿಗೇ ಹಿಡಿ ಹಿಡಿ ತೆಗೆದು ಬೆರೆಸಿದೆವು. ಅರ್ಧ ಅವರ ಪೊಟ್ಟಣಕ್ಕೆ, ಅರ್ಧ ನನ್ನ ಒರಳಿಗೆ. ನನ್ನದು 26.4 ಬಂತು, ಅವರ ಅಂಗಡಿಯಿಂದ ಫೋನಿನಲ್ಲಿ 26.2 ಅಂದರು. 26.3ಕ್ಕೆ ಮಾತಾಯಿತು, ಆಮೇಲೇ ಲಾರಿಗೆ ಹೇಳಿದ್ದು.