ಕಿವಿ ಕಟ್ಟಿದೆ ಅಂತ 18 ದಿನ ಸುಮ್ನೆ ಇದ್ದೆ, ನೀವು ಹಾಗೆ ಮಾಡಬೇಡಿ

ಹೋದ ವರ್ಷ ಜೂನ್ ತಿಂಗಳು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮಳೆ ಆಗಷ್ಟೇ ಹಿಡಿದಿತ್ತು. ಒಂದು ಮಂಗಳವಾರ ಬೆಳಿಗ್ಗೆ ಎದ್ದಾಗ ಎಡಗಿವಿ ಕಟ್ಟಿಕೊಂಡಿತ್ತು. ತಲೆಗೆ ನೀರು ಹಾಕುವಾಗ ಕಿವಿಗೆ ಹೋದರೆ ಆಗುತ್ತಲ್ಲ, ಹಾಗೆ. ಒಳಗೆ ಗುಂಯ್ ಅಂತ ಸಣ್ಣ ಸದ್ದು. ನೋವಿಲ್ಲ, ಸೋರಿಕೆ ಇಲ್ಲ, ಜ್ವರ ಇಲ್ಲ. ಶೀತ ಇರಬೇಕು ಅಂದುಕೊಂಡು ಊಟದ ಡಬ್ಬಿ ಕಟ್ಟಿಕೊಂಡು ಲೋಕಲ್ ರೈಲು ಹತ್ತಿದೆ.

ಠಾಣೆ ಹತ್ತಿರ ತಂಗಿಯ ಫೋನ್ ಬಂತು. ಎಡಗಿವಿಗೆ ಹಿಡಿದರೆ ಏನೂ ಕೇಳಲಿಲ್ಲ. ಲೈನ್ ಕಟ್ಟಾಯಿತೇನೋ ಅಂತ ಬಲಗಿವಿಗೆ ಇಟ್ಟರೆ ಅವಳು ಮಾತಾಡುತ್ತಲೇ ಇದ್ದಾಳೆ. ಆಗಲೇ ಇಳಿದು ಕಿವಿ ಡಾಕ್ಟರ ಹತ್ತಿರ ಓಡಬೇಕಿತ್ತು. ನಾನು ಆಫೀಸಿಗೆ ಹೋದೆ.

ಸಂಜೆ ಮೆಡಿಕಲ್ ಶಾಪಿನವರು ಗುಗ್ಗೆ ಕರಗಿಸುವ ಡ್ರಾಪ್ಸ್ ಕೊಟ್ಟರು. ಅತ್ತೆ ಪ್ರೀತಿಯಿಂದಲೇ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಬೆಚ್ಚಗೆ ಮಾಡಿ ನಾಲ್ಕು ಹನಿ ಬಿಟ್ಟರು. ವಾರ ಕಳೆದ ಮೇಲೆ ಹತ್ತಿರದ ಒಬ್ಬ ಡಾಕ್ಟರು ಕಿವಿಯೊಳಗೆ ಲೈಟ್ ಹಾಕಿಯೂ ನೋಡದೆ ಶೀತದ ಮಾತ್ರೆ ಬರೆದು, ತಾನಾಗೇ ಬಿಡುತ್ತೆ ಅಂದರು. ನಂಬಿದೆ. ಹೀಗೆ 18 ದಿನ ಹೋಯಿತು.

ಕೊನೆಗೆ ಈಎನ್‌ಟಿ ಡಾಕ್ಟರು ಮೊದಲು ಕಿವಿಯೊಳಗೆ ನೋಡಿದರು. ಗುಗ್ಗೆ ಇರಲಿಲ್ಲ. ಕಿವಿಯ ತಮಟೆಯೂ ಚೆನ್ನಾಗಿತ್ತು. ಆಮೇಲೆ ಎರಡು ಕವಲಿನ ಸ್ಟೀಲ್ ಕಡ್ಡಿಯೊಂದನ್ನು ಮೊಣಕೈಗೆ ತಟ್ಟಿ, ಅದರ ಬುಡವನ್ನು ನನ್ನ ಹಣೆಯ ನಡುವೆ ಒತ್ತಿ ಹಿಡಿದರು. ಸದ್ದು ಯಾವ ಕಡೆ ಕೇಳುತ್ತೆ ಅಂದರು. ಬಲಗಡೆ ಅಂದೆ. ಅವರ ಮುಖ ಬದಲಾದದ್ದು ನನಗೆ ಕಂಡಿತು.

ಆ ಪರೀಕ್ಷೆಯ ಅರ್ಥ ಆಮೇಲೆ ತಿಳಿಯಿತು. ಗುಗ್ಗೆಯಿಂದಲೋ ಶೀತದಿಂದಲೋ ಕಿವಿ ಕಟ್ಟಿದ್ದರೆ ಆ ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ಒಳಗಿವಿ ಅಥವಾ ನರಕ್ಕೆ ಪೆಟ್ಟಾಗಿದ್ದರೆ ಚೆನ್ನಾಗಿರುವ ಕಿವಿಗೆ ಹೋಗುತ್ತದೆ. ಮನೆಯಲ್ಲಿ ಬಾಯಿ ಮುಚ್ಚಿ 'ಮ್‌ಮ್‌ಮ್' ಅಂತ ಗುನುಗಿದರೂ ಸುಮಾರಾಗಿ ಗೊತ್ತಾಗುತ್ತೆ. ಆದರೆ ಅದನ್ನೇ ನಂಬಿ ಮನೆಯಲ್ಲಿ ಕೂರಬೇಡಿ.

ಸದ್ದು ತಮಟೆಗೆ ಬಡಿದು, ಮೂರು ಪುಟ್ಟ ಮೂಳೆ ದಾಟಿ, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಾಕ್ಲಿಯಾ ಒಳಗಿನ ದ್ರವವನ್ನು ಅಲುಗಿಸುತ್ತದೆ. ಅಲ್ಲಿ ಒಂದೊಂದು ಕಿವಿಗೂ ತುದಿಯಲ್ಲಿ ಕೂದಲಿನಂಥ ಎಳೆಗಳಿರುವ ಸುಮಾರು 15,000 ಕೋಶಗಳಿವೆ. ಆ ಎಳೆಗಳು ಬಾಗಿದಾಗ ಹುಟ್ಟುವ ವಿದ್ಯುತ್ ಸಂದೇಶವನ್ನು ನರ ಮಿದುಳಿಗೆ ಒಯ್ಯುತ್ತದೆ. ಅರ್ಥ ಆಗುವುದು ಅಲ್ಲೇ, ಕಿವಿಯಲ್ಲಲ್ಲ. ಕೋಳಿಗೆ ಆ ಕೋಶಗಳು ಸತ್ತರೂ ಮತ್ತೆ ಹುಟ್ಟುತ್ತವೆ. ನಮಗೆ ಹುಟ್ಟುವುದಿಲ್ಲ.

ಎಷ್ಟು ಮೆಲ್ಲಗಿನ ಸದ್ದು ಕೇಳುತ್ತೆ ಅಂತ ಅಳೆಯುವ ಆಡಿಯೋಮೆಟ್ರಿ ಪರೀಕ್ಷೆಯ ಕಾಗದದಲ್ಲಿ ಬಲಗಿವಿಯ ಗೆರೆ ಮೇಲೆ ನೆಟ್ಟಗಿತ್ತು. ಎಡಗಿವಿಯದು 70 ಡೆಸಿಬೆಲ್ ಹತ್ತಿರ ಕುಸಿದಿತ್ತು, ಅಂದರೆ ಅದಕ್ಕಿಂತ ಮೆಲ್ಲಗಿನ ಸದ್ದು ಆ ಕಿವಿಗೆ ಕೇಳುತ್ತಿರಲಿಲ್ಲ. ಮೂರು ದಿನದೊಳಗೆ ಹೀಗೆ ಕೇಳುವುದು ಬಿದ್ದುಹೋದರೆ ಅದು ತುರ್ತು ಕೇಸು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ವೈರಸ್ಸೋ, ಒಳಗಿವಿಗೆ ರಕ್ತ ಸರಿಯಾಗಿ ಹೋಗದ್ದೋ ಇರಬಹುದು ಅಂತಾರೆ. ನರದಲ್ಲಿ ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಲು ಎಂಆರ್‌ಐ ಆಯಿತು, ಪುಣ್ಯಕ್ಕೆ ಏನೂ ಇರಲಿಲ್ಲ. ಔಷಧಿ ಸ್ಟೀರಾಯ್ಡ್. ಮೊದಲ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದೊಳಗೆ ಶುರುಮಾಡಿದರೆ ಒಳ್ಳೆಯದು. ಕೆಲವರಿಗೆ ಔಷಧಿ ಇಲ್ಲದೆಯೂ ವಾಪಸ್ ಬರುತ್ತೆ. ಯಾರಿಗೆ ಬರುತ್ತೆ ಅಂತ ಮೊದಲೇ ಹೇಳುವವರು ಯಾರೂ ಇಲ್ಲ, ಅದೇ ಕಷ್ಟ. ನನಗೆ ತಮಟೆಯ ಮೂಲಕ ಇಂಜೆಕ್ಷನ್ನೂ ಕೊಟ್ಟರು. ಸ್ವಲ್ಪವೇ ಬಂತು.

ಒಂದು ಕಿವಿ ಇದೆಯಲ್ಲ ಅಂತ ಜನ ಸಮಾಧಾನ ಹೇಳುತ್ತಾರೆ. ಸದ್ದು ಒಂದು ಕಿವಿಗೆ ಮುಟ್ಟಿ ಇನ್ನೊಂದಕ್ಕೆ ಮುಟ್ಟುವುದರ ನಡುವೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಮ್ಮಿ ಅಂತರ. ಅದನ್ನು ಅಳೆದೇ ಮಿದುಳು ಸದ್ದಿನ ದಿಕ್ಕು ಹಿಡಿಯುವುದು. ಈಗ ನನಗೆ ಹಾರ್ನ್ ಕೇಳುತ್ತೆ, ರಿಕ್ಷಾ ಯಾವ ಕಡೆಯಿಂದ ಬಂತು ಗೊತ್ತಾಗಲ್ಲ. ಮಗಳು 'ಅಮ್ಮಾ' ಅಂದರೆ ಮೂರೂ ಕೋಣೆ ಹುಡುಕುತ್ತೇನೆ. ರೈಲಿನ ಲೇಡೀಸ್ ಬೋಗಿಯ ಗದ್ದಲದಲ್ಲಿ ಪಕ್ಕದವರ ಮಾತನ್ನು ಬಿಡಿಸಿಕೊಳ್ಳುವುದೂ ಎರಡು ಕಿವಿ ಸೇರಿ ಮಾಡುವ ಕೆಲಸವೇ. ಗುಂಯ್ ಸದ್ದು ಮಾತ್ರ ಹೋಗಿಲ್ಲ. ಕಿವಿಯಿಂದ ಬರುವುದು ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುವುದರಿಂದ ಹಾಗಾಗುತ್ತೆ ಅಂತ ವಿವರಿಸುತ್ತಾರೆ.

ನನ್ನದು ಡಿಜೆ ಸದ್ದಿನಿಂದ ಆದದ್ದಲ್ಲ. ಆದರೂ ಮುಂಬೈನಲ್ಲಿದ್ದು ಇದನ್ನು ಹೇಳದೆ ಇರಲಾರೆ. ಗಣಪತಿ ಬಿಡುವ ದಿನ ಸ್ಪೀಕರ್ ಗೋಡೆಯ ಮುಂದೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿ ನಿಲ್ಲಬೇಡಿ. 85 ಡೆಸಿಬೆಲ್ಲಿಗೆ 8 ಗಂಟೆ ಮಿತಿ ಅಂತ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಬರೀ 15 ನಿಮಿಷ.

ಒಂದೇ ಕಿವಿ, ಇದ್ದಕ್ಕಿದ್ದಂತೆ, ನೋವಿಲ್ಲದೆ ಕೇಳದಾದರೆ ಎಣ್ಣೆ, ಡ್ರಾಪ್ಸ್ ಏನೂ ಬೇಡ. ಅವತ್ತೇ ಈಎನ್‌ಟಿ ಹತ್ತಿರ ಹೋಗಿ, ಆಡಿಯೋಮೆಟ್ರಿ ಕೇಳಿ. ಶುಗರ್ ಇದ್ದರೆ ಮೊದಲೇ ಹೇಳಿ, ಸ್ಟೀರಾಯ್ಡ್ ಅದನ್ನು ಏರಿಸುತ್ತೆ. ಅಪಾಯಿಂಟ್‌ಮೆಂಟ್ ಮುಂದಿನ ವಾರ ಅಂದರೆ ಒಪ್ಪಬೇಡಿ. ನಿನ್ನೆ ಕೇಳುತ್ತಿತ್ತು, ಇವತ್ತು ಕೇಳುತ್ತಿಲ್ಲ ಅಂತ ಕೌಂಟರಿನಲ್ಲೇ ಹೇಳಿ. ಮರಾಠಿ ಅಷ್ಟಾಗಿ ಬರದವರು ಇದನ್ನು ಬರೆದಿಟ್ಟುಕೊಳ್ಳಿ: 'ಏಕಾ ಕಾನಾನೆ ಅಚಾನಕ್ ಐಕೂ ಯೇಯೀನಾಸಂ ಝಾಲಂ.' ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾಯಿತು ಅಂತ ಅರ್ಥ.